ಕಿಂಡಿಗೆ ಕಟ್ಟಿದ ಬಟ್ಟೆ

ಬುದ್ಧವರ್ಷ 2566, ಅಕ್ಟೋಬರ್ 31, ಮಂಗಳವಾರ

ಇವತ್ತಿನಿಂದ ನಾನು ಗಾಂಜಾ ಗಿಡಗಳ ಆಯಾ. ಅರವತ್ತೊಂಬತ್ತು ವರ್ಷ ಬದುಕಿದ್ದು ಇದಕ್ಕೇ ಇರಬೇಕು.

ಮೊಮ್ಮಗಳು ಕುಂಗ್‌ಗೆ ರಕ್ತದೊತ್ತಡ ಏರಿದೆ. ಕಾಲು ಊದಿ ನನ್ನ ಚಪ್ಪಲಿಯೂ ಹಿಡಿಸುತ್ತಿಲ್ಲ. ಹೆರಿಗೆಗೆ ಇನ್ನು ಐದು ವಾರ, ಅಲ್ಲಿಯವರೆಗೆ ಮಂಚ ಬಿಟ್ಟು ಇಳಿಯಕೂಡದು ಎಂದು ತಾಲೂಕು ಆಸ್ಪತ್ರೆಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಗಂಡ ತವೀ ಕಬ್ಬಿನ ಲಾರಿ ಓಡಿಸಲು ಹೋಗಿದ್ದಾನೆ, ಮಗು ಹುಟ್ಟುವ ಹೊತ್ತಿಗೆ ಬರುತ್ತಾನಂತೆ. ಹಾಗಾಗಿ ಕೋಣೆ ನನ್ನ ತಲೆಗೆ ಬಂತು.

ಕೋಣೆ ಎಂದರೆ ನನ್ನದೇ ಹಳೆಯ ರೇಷ್ಮೆಹುಳುವಿನ ಮನೆ. ನಲವತ್ತು ವರ್ಷ ಅದರಲ್ಲಿ ಹುಳು ಸಾಕಿದೆ. ಊರಿನ ಹೆಂಗಸರ ಸಂಘಕ್ಕೆ ಪರವಾನಗಿ ಸಿಕ್ಕಿದಾಗ ಕುಂಗ್ ಗೋಡೆಗೆಲ್ಲ ಬೆಳ್ಳಿಬಣ್ಣದ ಹಾಳೆ ಹೊಡೆಸಿ, ದೀಪ, ಎಸಿ, ಫ್ಯಾನು ಹಾಕಿಸಿ, ನಲವತ್ತು ಗಾಂಜಾ ಗಿಡ ತಂದು ಕೂರಿಸಿದಳು. ಅದರ ಹೂವು ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಎಣ್ಣೆ ತೆಗೆದು, ನೋವಿಗೆ ನಿದ್ದೆ ಬಾರದವರ ನಾಲಿಗೆಯ ಕೆಳಗೆ ಮೂರು ಹನಿ ಬಿಡುತ್ತಾರೆ. ಪಕ್ಕದ ಮನೆ ಸಂಲೀಯ ಗಂಡ ಲಿವರಿನ ಕ್ಯಾನ್ಸರಿನಲ್ಲಿ ಮಲಗಿದ್ದಾನೆ. ಅವನು ಕಾಯುತ್ತಿರುವುದೂ ಅದಕ್ಕೇ. ಕಟಾವು ಲೋಯ್ ಕ್ರತೊಂಗ್ ಹುಣ್ಣಿಮೆಗೆ, ಹೊಳೆಯಲ್ಲಿ ದೀಪ ಬಿಡುವ ದಿನ. ಹೂವಿಗೆ ಬೂಷ್ಟು ಹಿಡಿದರೆ ಆಸ್ಪತ್ರೆಯವರು ಒಂದೆಸಳೂ ಮುಟ್ಟುವುದಿಲ್ಲ.

ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಉಷ್ಣ ಎಷ್ಟು, ತೇವ ಎಷ್ಟು ಎಂದು ನೀಲಿ ಪುಸ್ತಕದಲ್ಲಿ ಬರೆಯಬೇಕು. ಅದನ್ನು ಆಸ್ಪತ್ರೆಯವರು ನೋಡುತ್ತಾರೆ, ಅದರಲ್ಲಿ ಬೈಗುಳ ಬರೆಯುವಂತಿಲ್ಲವಂತೆ. ಅದಕ್ಕೇ ಈ ಪುಸ್ತಕ. ದೇವಸ್ಥಾನದ ಶಾಲೆಯ ನಾಲ್ಕನೇ ಕ್ಲಾಸಿನ ಅಕ್ಷರ, ಯಾರು ನೋಡಬೇಕಾಗಿದೆ.

ನನಗೆ ಗಿಡದ ಚಿಂತೆಯಿಲ್ಲ. ಕುಂಗ್‌ಳ ಚಿಂತೆ. ಅವಳ ತಾಯಿ ಚಮ್ನಿಯನ್, ನನ್ನ ಒಬ್ಬಳೇ ಮಗಳು, ಅವಳನ್ನು ಹೆತ್ತ ಆರನೇ ದಿನ ಬಾಣಂತಿ ಕೋಣೆಯಲ್ಲೇ ಹೋದಳು. ಗಾಳಿ ಹೊಕ್ಕಿತು ಎಂದು ಊರು ಹೇಳಿತು. ಇಪ್ಪತ್ತಾರು ವರ್ಷದಿಂದ ನಾನೂ ಅದನ್ನೇ ಹೇಳುತ್ತಾ ಬಂದಿದ್ದೇನೆ.

ನವೆಂಬರ್ 3, ಶುಕ್ರವಾರ

ಬೆಳಿಗ್ಗೆ ಉಷ್ಣ 26, ತೇವ 50. ಸಂಜೆ 22, 54. ಚೆನ್ನಾಗಿದೆಯಂತೆ.

ಈ ಗಿಡಗಳ ವೈಭೋಗ ಊರಿನ ಮುಖ್ಯಸ್ಥನಿಗೂ ಇಲ್ಲ. ಇವಕ್ಕೆ ರಾತ್ರಿಯೇ ಹಗಲು. ಸಂಜೆ ಆರಕ್ಕೆ ದೀಪ ಹತ್ತುತ್ತದೆ, ಬೆಳಿಗ್ಗೆ ಆರಕ್ಕೆ ಆರುತ್ತದೆ. ಹಗಲೆಲ್ಲ ಕತ್ತಲಲ್ಲಿ ಮಲಗುತ್ತವೆ, ಕಾವಲುಗಾರರ ಹಾಗೆ. ಆಗ ಯಾರೂ ಬಾಗಿಲು ತೆಗೆಯಬಾರದು, ಬೆಳಕು ಬಿದ್ದರೆ ಹೂವು ಕೆಡುತ್ತದೆ.

ಕುಂಗ್ ಮಂಚದಿಂದಲೇ ಪಾಠ ಮಾಡಿದಳು. "ಅಜ್ಜಿ, ಕೇಳಿಸ್ಕೋ. ದೀಪ ಆರಿದ್ಮೇಲೆ ಎಸಿ ಸುಮ್ನಾಗುತ್ತೆ, ಆದ್ರೆ ಗಿಡ ಬೆವರ್ತಾನೇ ಇರುತ್ತೆ. ಆ ತೇವಾನ ಹೊರಗೆ ಹಾಕೋದು ಮೇಲಿನ ಫ್ಯಾನೊಂದೇ. ಕೆಳಗಿನ ನಾಲ್ಕು ಕಿಂಡಿಯಿಂದ ಒಣ ಗಾಳಿ ಒಳಗೆ ಬರ್ಬೇಕು, ಮೇಲಿನ ಫ್ಯಾನಿಂದ ಒದ್ದೆ ಗಾಳಿ ಹೊರಗೆ ಹೋಗ್ಬೇಕು. ಕೋಣೆ ಉಸಿರಾಡ್ಬೇಕು."

"ನಲವತ್ತು ವರ್ಷ ಹುಳ ಸಾಕಿದವಳಿಗೆ ಕೋಣೆ ಉಸಿರಾಡೋದು ಹೇಳಿಕೊಡ್ತೀಯಾ? ನಿನ್ನ ಮೂಗು ಒರೆಸ್ತಿದ್ದವಳು ನಾನು."

"ಮೂಗು ಒರೆಸಿದ್ದಕ್ಕೇ ಹೇಳ್ತಿರೋದು, ಬೇರೆಯವರಿಗಾದ್ರೆ ಬೀಗದ ಕೈನೇ ಕೊಡ್ತಿರ್ಲಿಲ್ಲ."

ಹುಟ್ಟಿದಾಗ ಸಿಗಡಿಯಷ್ಟಿದ್ದಳು. ಅದಕ್ಕೇ ಕುಂಗ್ ಅಂತ, ಸಿಗಡಿ ಅಂತ, ಕರೆದೆ. ಈಗ ಆ ಸಿಗಡಿಗೆ ಮೀಸೆ ಬಂದಿದೆ.

ನವೆಂಬರ್ 8, ಬುಧವಾರ

ಬತ್ತದ ಕೊಯ್ಲು ಶುರುವಾಗಿದೆ. ಯಂತ್ರ ಎಬ್ಬಿಸುವ ಧೂಳು, ಅದರ ಹಿಂದೆಯೇ ಕೂಳೆಗೆ ಬೆಂಕಿ. ಹೊಗೆ ನೇರ ನಮ್ಮ ಕೋಣೆಯ ಕಿಂಡಿಗೇ ಬರುತ್ತದೆ. ಕಿಂಡಿಗೆ ಕುಂಗ್ ಹಾಕಿಸಿದ ಬಲೆ ನೋಡಿದೆ. ಅದರಲ್ಲಿ ಆನೆ ನುಗ್ಗದು ಅಷ್ಟೆ.

ಸಂಲೀ ಊರಿನ ಆರೋಗ್ಯ ಸ್ವಯಂಸೇವಕಿಯೂ ಹೌದು, ದಿನಾ ಬಂದು ಕುಂಗ್‌ಳ ರಕ್ತದೊತ್ತಡ ಅಳೆಯುತ್ತಾಳೆ. ಇವತ್ತು ನಾನು ಕೋಣೆಯ ಹೊರಗೆ ನಿಂತು ಹೊಗೆ ಹಾಕಿದವನ ಏಳು ತಲೆಮಾರು ಜಾಲಾಡುತ್ತಿದ್ದೆ. ಕೇಳಿ ನಕ್ಕಳು.

"ಅಕ್ಕ, ನಿನ್ನ ಬಾಯಿ ಇದ್ರೆ ಗಿಡಕ್ಕೆ ಔಷಧಿ ಹೊಡೆಯೋದೇ ಬೇಡ. ಹುಳ ತಾನಾಗೇ ಸಾಯುತ್ತೆ."

"ನಿನ್ನ ಗಂಡ ಹೇಗಿದ್ದಾನೆ?"

ನಗು ನಿಂತಿತು. "ರಾತ್ರಿಯೆಲ್ಲ ಗೋಡೆ ಗುದ್ದುತ್ತಾರೆ. ಹುಣ್ಣಿಮೆಗೆ ಎಷ್ಟು ದಿನ ಅಂತ ದಿನಾ ಕೇಳ್ತಾರೆ ಅಕ್ಕ. ನಿನ್ನ ಗಿಡ ಹೇಗಿದೆ ಅಂತಲೂ ಕೇಳ್ತಾರೆ."

ಅವಳು ಹೋದ ಮೇಲೆ ಪೆಟ್ಟಿಗೆ ತೆಗೆದು ಹುಳುವಿನ ಬಟ್ಟೆಗಳನ್ನು ಹೊರಗೆಳೆದೆ. ಊಜಿ ನೊಣ ಬಾರದ ಹಾಗೆ ಬಿದಿರು ತಟ್ಟೆಗಳ ಮೇಲೆ ಹೊದಿಸುತ್ತಿದ್ದ ದಪ್ಪ ಬಟ್ಟೆ. ನಾಲ್ಕೂ ಕಿಂಡಿಗೆ ಹೊರಗಿನಿಂದ ಎರಡು ಪದರ ಬಿಗಿದು ಕಟ್ಟಿದೆ. ಈಗ ಬರಲಿ ಹೊಗೆ.

ಕುಂಗ್‌ಗೆ ಹೇಳಲಿಲ್ಲ. ಹೇಳಿದರೆ ಮತ್ತೊಂದು ಪಾಠ.

ನವೆಂಬರ್ 9

ಕೋಣೆಯಲ್ಲಿ ಒಂದು ಚೂರು ಹೊಗೆಯ ವಾಸನೆ ಇಲ್ಲ. ಗೋಡೆಯ ಬೆಳ್ಳಿ ಹಾಳೆ ಒಳಕ್ಕೆ ಸೆಳೆದುಕೊಂಡು ನಿಂತಿದೆ, ಹಸಿದವನ ಹೊಟ್ಟೆಯ ಹಾಗೆ. ಫ್ಯಾನಿನ ದನಿಯೂ ಸಣ್ಣದಾಗಿದೆ. ಚೆನ್ನಾಗಿ ಎಳೆಯುತ್ತಿರಬೇಕು.

ನವೆಂಬರ್ 12, ಭಾನುವಾರ, ಅಮಾವಾಸ್ಯೆ

ದೇವಸ್ಥಾನದಲ್ಲಿ ಭಿಕ್ಷುಗಳಿಗೆ ಅಂಟನ್ನ ಬಡಿಸಿ ಬಂದೆ. ಸಂಜೆ ತೇವ 71. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ, 71.

ನೀಲಿ ಪುಸ್ತಕದಲ್ಲಿ 57 ಎಂದು ಬರೆದೆ. 71 ಎಂದು ಬರೆದರೆ ಹುಡುಗಿ ಮಂಚ ಇಳಿದು ಓಡಿ ಬರುತ್ತಾಳೆ. ನಾಳೆ ತಾನೇ ಇಳಿಯುತ್ತದೆ. ಯಂತ್ರವೂ ನನ್ನಷ್ಟೇ ಮುದಿಯಿರಬಹುದು.

ಮಧ್ಯಾಹ್ನ ಬಾಣಂತಿ ಕೋಣೆ ಗುಡಿಸಿದೆ. ಬೆಂಕಿಯ ಪಕ್ಕದ ಬಿದಿರು ಮಂಚ ಇಳಿಸಿ ತೊಳೆದೆ. ಹುಣಸೆ ಕಟ್ಟಿಗೆಯ ಇದ್ದಿಲು ಎರಡು ಚೀಲ ತರಿಸಿದ್ದೇನೆ. ಹನ್ನೊಂದು ದಿನ ಬೆಂಕಿಯ ಪಕ್ಕ ಮಲಗಿಸಿದರೆ ಗರ್ಭ ಒಣಗುತ್ತದೆ, ಮೈ ಗಟ್ಟಿಯಾಗುತ್ತದೆ. ಗಾಳಿ ಮಾತ್ರ ತಾಗಬಾರದು.

ಕುಂಗ್ ಮಲಗಿದಲ್ಲಿಂದ ಕೂಗಿದಳು. "ಅಜ್ಜಿ, ನಮ್ಮಮ್ಮನ್ನ ಮಲಗಿಸಿದ್ದೂ ಅದೇ ಮಂಚದ ಮೇಲಾ?"

"ಹೂಂ."

"ಬೇರೆ ಮಂಚ ಇಲ್ವಾ?"

"ಮಂಚದ ತಪ್ಪೇನು?" ಎಂದೆ. ಹೇಳಿದ ಮೇಲೆ ಆ ಮಾತು ಬಾಯಲ್ಲೇ ಸುತ್ತುತ್ತಿದೆ.

ನವೆಂಬರ್ 16, ಗುರುವಾರ

ಸಂಜೆ 79. ಬರೆದದ್ದು 58.

ದೀಪ ಹತ್ತಿದಾಗ ಎಲೆಗಳ ಅಂಚಿನಲ್ಲಿ ನೀರಿನ ಹನಿ. ಹೊರಗೆ ಚಳಿ ಶುರುವಾಗಿದೆ, ಇಬ್ಬನಿ ಎಂದುಕೊಂಡೆ. ಒಳಗೆ ಎಲ್ಲಿಯ ಇಬ್ಬನಿ.

ಒಂದೊಂದು ಗಿಡದ ಮುಂದೆಯೂ ಬೀಸಣಿಗೆ ಹಿಡಿದು ನಿಂತೆ. ಒಂಬತ್ತನೇ ಗಿಡ ಹಟಮಾರಿ, ಪಕ್ಕದವರ ಮೇಲೆಲ್ಲ ಕೈ ಹಾಕುತ್ತದೆ. ಇಪ್ಪತ್ತಮೂರನೆಯದು ನಾಚಿಕೆಯದು, ಹೂವನ್ನು ಎಲೆಯ ಹಿಂದೆ ಇಟ್ಟುಕೊಂಡಿದೆ. ಕೈ ನೋಯುವವರೆಗೆ ಬೀಸಿದೆ. ಬಟ್ಟೆ ಬಿಚ್ಚಲೇ ಎಂದು ಕಿಂಡಿಯ ಹತ್ತಿರ ಹೋದೆ. ಆಚೆ ಗದ್ದೆಯಲ್ಲಿ ಹೊಗೆ ಏಳುತ್ತಿತ್ತು. ಇನ್ನೊಂದು ಪದರ ಕಟ್ಟಿ ಬಂದೆ.

ನವೆಂಬರ್ 17

ಬರೆಯುವಂಥದ್ದು ಏನಿಲ್ಲ.

ನವೆಂಬರ್ 19, ಭಾನುವಾರ

ಒಂಬತ್ತನೇ ಗಿಡದ ಎಲ್ಲಕ್ಕಿಂತ ದೊಡ್ಡ ಹೂಗೊಂಚಲು. ಬೆರಳಿನಿಂದ ಬಿಡಿಸಿ ನೋಡಿದೆ. ಒಳಗೆ ಬೂದುಬಣ್ಣದ ತುಪ್ಪಟ, ಸತ್ತ ಇಲಿಯ ಮೈಯ ಹಾಗೆ. ಮುಟ್ಟಿದರೆ ಪುಡಿ ಹಾರಿತು. ಪಕ್ಕದ್ದು ನೋಡಿದೆ, ಅದರ ಪಕ್ಕದ್ದು ನೋಡಿದೆ. ಹನ್ನೊಂದು ಗಿಡ.

ಕೊಳೆತ ಹೂವನ್ನೆಲ್ಲ ಕತ್ತರಿಸಿ ಸೆರಗಿನಂತೆ ಹೊದ್ದಿದ್ದ ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಹಿಪ್ಪುನೇರಳೆ ಬುಡದಲ್ಲಿ ಹೂತೆ. ಕಳ್ಳಿಯ ಹಾಗೆ, ನನ್ನದೇ ಹಿತ್ತಲಲ್ಲಿ.

ಕುಂಗ್ ಕೇಳಿದಳು, "ನಮ್ಮ ಹೂವು ಹೇಗಿದೆ ಅಜ್ಜಿ?"

"ನಿನ್ನ ಹೊಟ್ಟೆಯಷ್ಟೇ ಚೆನ್ನಾಗಿದೆ," ಎಂದೆ.

ನವೆಂಬರ್ 21, ಮಂಗಳವಾರ

ಆಸ್ಪತ್ರೆಯಿಂದ ಔಷಧ ವಿಭಾಗದ ಸುನಿಸಾ ಮೇಡಂ ಬಂದಿದ್ದರು, ಕಟಾವಿಗೆ ಮುಂಚಿನ ತಪಾಸಣೆಗೆ. ಬಾಯಿಗೆ ಬಟ್ಟೆ, ಕೈಗೆ ಗವಸು, ದೇವರ ಮುಂದೆ ನಿಂತ ಹಾಗೆ ಮೆಲ್ಲಗೆ ಮಾತು. ಅಂಥವರನ್ನು ಕಂಡರೆ ನನಗೆ ಭಯ. ಕೂಗಾಡುವವರಿಗೆ ನನ್ನಲ್ಲಿ ಔಷಧಿಯಿದೆ.

ಹದಿನಾಲ್ಕು ಗಿಡದಲ್ಲಿ ಬೂಷ್ಟು ಸಿಕ್ಕಿತು. ನೀಲಿ ಪುಸ್ತಕ ತೆರೆದು ಅಂಕಿಗಳ ಮೇಲೆ ಬೆರಳು ಓಡಿಸಿದರು. "ಪುಸ್ತಕ ತುಂಬ ಚೆನ್ನಾಗಿದೆ," ಎಂದರು. ಆಮೇಲೆ ಗೋಡೆಯ ಯಂತ್ರದ ಕೆಳಗಿನ ಸಣ್ಣ ಗುಂಡಿ ಒತ್ತಿದರು. ಇಷ್ಟು ದಿನ ಅದು ಅಲಂಕಾರಕ್ಕಿದೆ ಎಂದುಕೊಂಡಿದ್ದೆ. ಕಳೆದ ವಾರದಲ್ಲಿ ತೇವ ಎಷ್ಟು ಏರಿತ್ತು ಎಂಬುದನ್ನು ಅದು ನೆನಪಿಟ್ಟುಕೊಂಡಿರುತ್ತದಂತೆ.

91.

ಮನೆಗೆ ಬಂದು ಕುಂಗ್‌ಳ ಮಂಚದ ಪಕ್ಕ ಕುಳಿತರು. "ಸಂಘದ ಪರವಾನಗಿ ನಿಮ್ಮ ಹೆಸರಿನಲ್ಲಿದೆ, ಪುಸ್ತಕಕ್ಕೂ ನೀವೇ ಜವಾಬ್ದಾರರು. ಬೂಷ್ಟು ಬರೋದು ಯಾರಿಗಾದ್ರೂ ಆಗುತ್ತೆ. ಆದ್ರೆ ಪುಸ್ತಕದಲ್ಲಿರೋದು ನಿಜ ಅಲ್ಲದಿದ್ರೆ ನಾವು ಈ ಹೂವನ್ನ ರೋಗಿಗಳ ನಾಲಿಗೆಗೆ ಹೇಗೆ ಹಾಕೋದು? ಶುಕ್ರವಾರದೊಳಗೆ ಕಾರಣ ತಿಳಿಸಿ. ಇಲ್ಲದಿದ್ರೆ ಅಷ್ಟೂ ಗಿಡ ಸುಡಬೇಕಾಗುತ್ತೆ."

ಕುಂಗ್ ಬೆವರುತ್ತಿದ್ದಳು. ಆದರೂ ಎದ್ದು ಕುಳಿತಳು. "ಯಂತ್ರ ಕೆಟ್ಟಿರ್ಬೇಕು ಮೇಡಂ. ನಮ್ಮಜ್ಜಿ ಬಾಯಿ ಕೆಟ್ಟದ್ದು, ಊರಿಗೆಲ್ಲ ಗೊತ್ತು. ಆದ್ರೆ ಸುಳ್ಳು ಬರೆಯೋರಲ್ಲ."

ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಬಾಯಿ ಎಲ್ಲಿಗೆ ಹೋಗಿತ್ತೋ.

ನವೆಂಬರ್ 22, ಬುಧವಾರ

ಬೆಳಿಗ್ಗೆ ಕೋಣೆಯ ಹಿಂದೆ ಹೋಗಿ ನಾಲ್ಕೂ ಕಿಂಡಿಯ ಬಟ್ಟೆ ಬಿಚ್ಚಿದೆ. ಕೊನೆಯದು ಬಿಚ್ಚಿದ ಕೂಡಲೇ ಒಳಗೆ ಬೆಳ್ಳಿ ಹಾಳೆ ಫಟ್ಟೆಂದು ಗೋಡೆಗೆ ವಾಪಸು ಹೋಯಿತು. ಫ್ಯಾನಿನ ದನಿ ದಪ್ಪವಾಯಿತು. ಕಿಂಡಿಯ ಹತ್ತಿರ ಅಂಗೈ ಹಿಡಿದೆ. ಗಾಳಿ ನನ್ನ ಬೆರಳುಗಳ ನಡುವೆ ಒಳಗೆ ಹೋಗುತ್ತಿತ್ತು. ಹದಿನಾಲ್ಕು ದಿನ ಅದು ಹೊರಗೆ ನಿಂತು ಕಾದಿತ್ತು.

ಬಟ್ಟೆಯನ್ನು ಮಡಚುವಾಗ ಅಂಚಿನಲ್ಲಿ ಮಸಿಯ ಕಲೆ ಕಂಡಿತು. ಇದು ಗದ್ದೆಯ ಹೊಗೆಯ ಕಲೆಯಲ್ಲ. ಹಳೆಯದು, ತೊಳೆದರೂ ಹೋಗದ್ದು.

ಇಲ್ಲಿ ಬರೆಯುತ್ತೇನೆ. ಬರೆಯದೆ ಇಪ್ಪತ್ತಾರು ವರ್ಷ ಆಯಿತು.

ಆ ಜನವರಿಯಲ್ಲಿ ಮೂಳೆ ಕೊರೆಯುವ ಚಳಿ. ಚಮ್ನಿಯನ್ ಬೆಂಕಿಯ ಪಕ್ಕ ಮಲಗಿದ್ದಳು. ಹಲಗೆ ಗೋಡೆಯ ಸಂದಿಯಲ್ಲಿ ಗಾಳಿ ಬರುತ್ತದೆಂದು ನಾನು ಈ ಬಟ್ಟೆಗಳನ್ನೇ ಹರಿದು ಒಂದೊಂದು ಸಂದಿಗೂ ತುರುಕಿದೆ. ಎರಡು ಕಿಟಕಿಗೂ ಎರಡು ಪದರ ಕಟ್ಟಿದೆ. ಬೆಂಕಿಗೆ ಇದ್ದಿಲು ತುಂಬಿದೆ. "ಅಮ್ಮಾ, ತಲೆ ಸಿಡೀತಿದೆ, ಸ್ವಲ್ಪ ತೆಗಿಯೇ," ಎಂದಳು. "ಗಾಳಿ ತಾಗಿದ್ರೆ ಮುದಿಯಾದ್ಮೇಲೆ ಅಳ್ತೀಯ, ಸುಮ್ನೆ ಮಲಗು," ಎಂದು ಬೈದೆ. ಮಗು ಅತ್ತಿತು. ಮಗುವನ್ನು ಎತ್ತಿಕೊಂಡು ಹೊರಗೆ ಬಿಸಿಲಿಗೆ ಬಂದೆ. ಬರುವಾಗ ಬಾಗಿಲು ಎಳೆದುಕೊಂಡು ಬಂದೆ.

ವಾಪಸು ಹೋದಾಗ ಅವಳ ಕೆನ್ನೆ ಕೆಂಪಗಿತ್ತು. ಹದಿನೆಂಟರ ಹುಡುಗಿಯ ಹಾಗೆ ಕಂಡಳು. ಒಳ್ಳೆ ನಿದ್ದೆ ಬಂದಿದೆ ಎಂದುಕೊಂಡೆ. ಮುಟ್ಟಿ ನೋಡಿದರೆ ಉಸಿರಿರಲಿಲ್ಲ.

ಗಾಳಿ ಹೊಕ್ಕಿತು ಎಂದು ಊರು ಹೇಳಿತು. ಹೊಕ್ಕಿರಲಿಲ್ಲ. ಹೊಗಲು ನಾನು ಬಿಟ್ಟಿರಲಿಲ್ಲ, ಇದ್ದಿಲಿನ ವಿಷ ಹೊರಗೆ ಹೋಗಲೂ ಬಿಟ್ಟಿರಲಿಲ್ಲ. ಇದು ನನಗೆ ಅವತ್ತೇ ಗೊತ್ತಿತ್ತೋ, ಇವತ್ತು ಗೊತ್ತಾಯಿತೋ, ಹೇಳಲಾರೆ.

ನವೆಂಬರ್ 23, ಗುರುವಾರ

ಸಂಲೀ ಬಂದು ರಕ್ತದೊತ್ತಡ ಅಳೆಯುವವರೆಗೆ ಕಾದೆ. ಪರವಾಗಿಲ್ಲ ಎಂದಳು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಕೂಗಿದರೆ ಓಡಿ ಬಾ ಎಂದು ಹೇಳಿ ಒಳಗೆ ಹೋದೆ.

"ಕಿಂಡಿಗೆ ಬಟ್ಟೆ ಕಟ್ಟಿದ್ದು ನಾನು. ಅಂಕಿ ತಿದ್ದಿದ್ದೂ ನಾನು."

ಕುಂಗ್ ಮೊಣಕೈ ಊರಿ ನನ್ನ ಕಡೆ ಹೊರಳಿದಳು. "ಬಟ್ಟೆ ಯಾಕೆ ಅಂತ ಗೊತ್ತಾಗುತ್ತೆ. ಹೊಗೆಗೆ. ಅಂಕಿ ಯಾಕಜ್ಜಿ?"

"ನಿಜ ಬರೆದ್ರೆ ನೀನು ಎದ್ದು ಓಡ್ತಿದ್ದೆ."

"ಅಷ್ಟೇನಾ?"

"ಅಲ್ಲ. ನಂದು ತಪ್ಪು ಅಂತ ನಿಂಗೆ ಗೊತ್ತಾಗ್ತಿತ್ತು."

"ನಾನು ಆ ಮೇಡಂ ಮುಂದೆ ನಿನ್ನ ಮೇಲೆ ಆಣೆ ಇಡೋದೊಂದು ಬಾಕಿಯಿತ್ತು."

"ಇನ್ನೊಂದಿದೆ," ಎಂದೆ. ಬಟ್ಟೆಯನ್ನು ಅವಳ ಕಾಲ ಬಳಿ ಇಟ್ಟೆ. ನಿನ್ನೆ ಇಲ್ಲಿ ಬರೆದದ್ದನ್ನೆಲ್ಲ ಹೇಳಿದೆ. ಸುತ್ತಿ ಬಳಸಲಿಲ್ಲ. ತಲೆ ಸಿಡಿಯುತ್ತಿದೆ ಎಂದು ಅವಳು ಹೇಳಿದ್ದನ್ನೂ, ನಾನು ಬೈದದ್ದನ್ನೂ.

ಅವಳು ಅಳಲಿಲ್ಲ. ಗಿಡದ ಬಗ್ಗೆ ಕೇಳುವ ದನಿಯಲ್ಲೇ ಕೇಳಿದಳು. "ಆ ಕೋಣೆಗೆ ಕಿಟಕಿ ಎಷ್ಟಿತ್ತು?"

"ಎರಡು."

"ಎರಡೂ ಮುಚ್ಚಿದ್ಯಾ?"

"ಎರಡೂ."

ಗೋಡೆಯ ಕಡೆ ತಿರುಗಿ ಮಲಗಿದಳು. ಸುನಿಸಾ ಮೇಡಂಗೆ ಸಂಲೀಯ ಫೋನಿನಿಂದ ನಾನೇ ಮಾತಾಡಿದೆ. ಬಟ್ಟೆ ನಂದು, ಅಂಕಿ ನಂದು, ಹುಡುಗಿಗೆ ಗೊತ್ತಿರಲಿಲ್ಲ ಎಂದೆ. ನಿಜವಾದ ಅಂಕಿಗಳು ನೆನಪಿವೆಯೇ ಎಂದು ಕೇಳಿದರು. ಈ ಪುಸ್ತಕದಲ್ಲಿ ಇತ್ತಲ್ಲ, 71, 79, ಓದಿ ಹೇಳಿದೆ.

ಫೋನು ವಾಪಸು ಕೊಟ್ಟಾಗ ಸಂಲೀ ನನ್ನ ಮುಖ ನೋಡಲಿಲ್ಲ. "ಅವರಿಗೆ ಏನು ಹೇಳಲಿ ಅಕ್ಕ?" ಎಂದಷ್ಟೇ ಕೇಳಿದಳು. ಗಂಡನಿಗೆ.



ನವೆಂಬರ್ 25, ಶನಿವಾರ

ಬೆಳಿಗ್ಗೆ 25, 49. ಸಂಜೆ 21, 53. ಗುಂಡಿ ಒತ್ತಿದೆ, ಅತಿ ಹೆಚ್ಚು 56.

ಕುಂಗ್ ಎರಡು ದಿನದಿಂದ ಮಾತಿಲ್ಲ. ಅನ್ನ ಇಟ್ಟರೆ ತಿನ್ನುತ್ತಾಳೆ, ತಟ್ಟೆ ತಳ್ಳುತ್ತಾಳೆ. ನಾನೂ ಮಾತಿಲ್ಲ. ಈ ಮನೆ ಇಷ್ಟು ಸುಮ್ಮನಿದ್ದದ್ದು ನಾನು ಕಂಡಿಲ್ಲ. ನಾಯಿಯೂ ನನ್ನ ಮುಖ ನೋಡುತ್ತಿದೆ, ಬೈಗುಳ ಯಾಕೆ ಬರಲಿಲ್ಲ ಎಂದು.

ನವೆಂಬರ್ 27, ಸೋಮವಾರ, ಹುಣ್ಣಿಮೆ

ಕಟಾವು ಆಯಿತು. ಸುನಿಸಾ ಮೇಡಂ ನಿಂತು ಒಂದೊಂದು ಗಿಡ ನೋಡಿದರು. ಹದಿನೇಳು ಸುಟ್ಟೆವು. ಒಂಬತ್ತನೆಯದನ್ನು ನಾನೇ ಬೆಂಕಿಗೆ ಹಾಕಿದೆ. ಇಪ್ಪತ್ತಮೂರು ಉಳಿದವು, ಪರೀಕ್ಷೆಯಲ್ಲಿ ಪಾಸಾದರೆ ಎಣ್ಣೆಗೆ ಹೋಗುತ್ತವೆ. ಮುಂದಿನ ಬೆಳೆಗೆ ಸಂಘವನ್ನು ಉಳಿಸಿಕೊಳ್ಳುತ್ತಾರಂತೆ. ಆದರೆ ನೀಲಿ ಪುಸ್ತಕಕ್ಕೆ ಇನ್ನೊಂದು ಸಾಲು, ದಿನದ ಅತಿ ಹೆಚ್ಚು.

"ಯಾರು ಬರೀತಾರೆ?" ಎಂದು ಕೇಳಿದರು.

ಒಳಗಿನಿಂದ ಕುಂಗ್ ಕೂಗಿದಳು. "ಅಜ್ಜಿನೇ ಬರೀತಾರೆ ಮೇಡಂ. ಇನ್ನು ಅವರಿಗಿಂತ ಹೆದರಿಕೊಂಡು ಬರೆಯೋರು ಯಾರೂ ಸಿಗಲ್ಲ."

ನಾಲ್ಕು ದಿನದ ಮೇಲೆ ಕೇಳಿದ ಮೊದಲ ಮಾತು.

ಸಂಜೆ ಹೊಳೆಗೆ ಹೋದೆ. ಬಾಳೆದಿಂಡಿನ ತೆಪ್ಪದಲ್ಲಿ ಹೂವಿಟ್ಟು, ದೀಪವಿಟ್ಟು ಚಮ್ನಿಯನ್ ಹೆಸರಲ್ಲಿ ಬಿಟ್ಟೆ. ಪ್ರತಿ ವರ್ಷವೂ ಬಿಡುವಾಗ ಅವಳನ್ನು ಕೊಂಡುಹೋದ ಗಾಳಿಗೆ ಶಾಪ ಹಾಕುತ್ತಿದ್ದೆ. ಇವತ್ತು ಮರೆತೇಹೋಯಿತು. ತೆಪ್ಪ ಮುಂದೆ ಹೋಗಲು ಗಾಳಿ ಬೇಕಿತ್ತು, ಬಂತು.

ಡಿಸೆಂಬರ್ 5, ಮಂಗಳವಾರ

ಹೆಣ್ಣು ಮಗು. ಆಸ್ಪತ್ರೆಯಲ್ಲಿ, ಬೆಳಿಗ್ಗೆ ಒಂಬತ್ತಕ್ಕೆ. ಕುಂಗ್ ಕಣ್ಣು ಬಿಟ್ಟಿದ್ದಾಳೆ. ತವೀ ನನ್ನ ಕಾಲು ಹಿಡಿಯಲು ಬಂದ, ಲಾರಿಯ ಎಣ್ಣೆ ಕೈ ತೊಳೆದು ಬಾ ಎಂದು ಗದರಿದೆ.

ಹೂವಿನ ಪರೀಕ್ಷೆ ಪಾಸಾಗಿದೆ. ಸಂಲೀಯ ಗಂಡನ ಹೆಸರು ಮೊದಲ ಸೀಸೆಗೆ ಬರೆದಿದ್ದಾರೆ. ಅವನು ಇನ್ನೂ ಇದ್ದಾನೆ. ಹದಿನೇಳು ಗಿಡ ಉಳಿದಿದ್ದರೆ ಇನ್ನೆಷ್ಟು ಜನರ ಹೆಸರು ಬರೆಯುತ್ತಿದ್ದರೋ.

ಡಿಸೆಂಬರ್ 8, ಶುಕ್ರವಾರ

ಮನೆಗೆ ಕರೆತಂದೆವು. ನಾನು ಬಾಣಂತಿ ಕೋಣೆಯ ಬೀಗ ತೆಗೆಯದೆ ಅವಳ ಮುಖ ನೋಡಿದೆ.

"ಬೆಂಕಿ ಬೇಡ ಅನ್ನಲ್ಲ ಅಜ್ಜಿ," ಎಂದಳು. "ಕಿಂಡಿ ಬೇಕು ಅಂತೀನಿ."

ತವೀಯಿಂದ ಕೆಳಗಿನ ಎರಡು ಹಲಗೆ ಬಿಚ್ಚಿಸಿದೆ. ಎರಡು ಕಿಟಕಿಯೂ ತೆಗೆಸಿದೆ. ಕೆಂಡ ಒಳಗೆ ಬರಕೂಡದು, ಹೊರಗೆ ಮೆಟ್ಟಿಲ ಕೆಳಗೆ. ಉಪ್ಪಿನ ಗಡಿಗೆಯನ್ನು ಅಲ್ಲೇ ಕಾಯಿಸಿ, ಬಟ್ಟೆ ಸುತ್ತಿ ತಂದು ಹೊಟ್ಟೆಗೆ ಶಾಖ ಕೊಡುತ್ತೇನೆ. ಸಂಲೀ ಬಂದು ಕಣ್ಣು ಅಗಲ ಮಾಡಿದಳು. "ಅಕ್ಕ, ಬಾಣಂತಿ ಕೋಣೆಗೆ ಇಷ್ಟು ಗಾಳಿನಾ? ನೀನೇನಾ ಇದು?"

"ನಿನಗೆ ಚಳಿ ಆದ್ರೆ ಮನೆಗೆ ಹೋಗು," ಎಂದೆ.

ಹುಳುವಿನ ಬಟ್ಟೆಗಳನ್ನು ಮೂರು ಸಲ ಕುದಿಸಿ ಬಿಸಿಲಿಗೆ ಹಾಕಿದ್ದೇನೆ. ಮಸಿಯ ಅಂಚು ಕತ್ತರಿಸಿ ತೆಗೆದೆ. ಉಳಿದದ್ದು ಮಗುವಿನ ಕುಂಡೆಗೆ ಕಟ್ಟಲು ಸಾಕು.

ಗಿಡಗಳ ಕೋಣೆ ಈಗ ಖಾಲಿ. ಗೋಡೆಯ ಯಂತ್ರ ಬಿಚ್ಚಿ ತಂದು ಬಾಣಂತಿ ಮಂಚದ ಪಕ್ಕದ ಕಂಬಕ್ಕೆ ತಗುಲಿಸಿದೆ.

ಡಿಸೆಂಬರ್ 9, ಶನಿವಾರ

ಬೆಳಿಗ್ಗೆ ಆರು. ಉಷ್ಣ 24, ತೇವ 60. ದಿನದ ಅತಿ ಹೆಚ್ಚು 64.

ಕಿಟಕಿ ಎರಡೂ ತೆಗೆದಿದೆ.

ಮಗು ಮಲಗಿದೆ. ತಾಯಿ ಮಲಗಿದ್ದಾಳೆ, ಕೆನ್ನೆ ಎಂದಿನ ಬಣ್ಣವೇ ಇದೆ. ಮೂಗಿನ ಹತ್ತಿರ ಅಂಗೈ ಹಿಡಿದು ನೋಡಿದೆ. ಎರಡು ಸಲ ನೋಡಿದೆ.